ಸಿಸ್ಟಮ್ ಕರೀರಿ, ನಾನು ಮಾತಾಡ್ತೀನಿ

ವಿಮಾನ ನಿಲ್ದಾಣದಲ್ಲಿ ಏನು ಕೇಳಿದರೂ ಸಿಗುತ್ತದೆ. ದೋಸೆ, ಮೈಸೂರು ಪಾಕು, ಕಾಲು ಒತ್ತುವ ಕುರ್ಚಿ ಎಲ್ಲ ಉಂಟು. ಕೇಳದೇ ಇದ್ದರೂ ಮುಂಗೈಗೆ ಸೆಂಟು ಹೊಡೆದು ವಾಸನೆ ನೋಡಿ ಅನ್ನುವ ಹುಡುಗಿಯೂ ಇದ್ದಾಳೆ. ಆದರೆ ಜಗಳ ಆಡೋಣ ಅಂದರೆ ಅಲ್ಲಿ ಒಬ್ಬ ಮನುಷ್ಯ ಸಿಗುವುದಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡವರಾದ ನಮ್ಮಂಥವರಿಗೆ ಇದು ಸಣ್ಣ ಕೊರತೆಯೇನಲ್ಲ. ಕೆಂಪು ಬಸ್ಸಿನ ಪ್ರಯಾಣದಲ್ಲಿ ಅರ್ಧ ದಾರಿ ಸಾಗುವುದೇ ಜಗಳದಲ್ಲಿ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನ ಜೊತೆ ಒಂದು ಸುತ್ತು. ಟಿಕೆಟ್ಟಿನ ಹಿಂದೆ ಚಿಲ್ಲರೆ ಬರೆದುಕೊಟ್ಟು ಮರೆತ ಕಂಡಕ್ಟರ್ ಜೊತೆ ಇನ್ನೊಂದು. ‘ಐದೇ ನಿಮಿಷ’ ಎಂದು ಹೋಟೆಲಿನ ಮುಂದೆ ಬಸ್ಸು ನಿಲ್ಲಿಸಿ ಬಿಸಿ ಮುದ್ದೆಗೆ ಕೂತ ಡ್ರೈವರ್ ಜೊತೆ ಮಗದೊಂದು. ಇಷ್ಟಾಗಿ, ಇಳಿಯುವಾಗ ಅದೇ ಕಂಡಕ್ಟರ್ ‘ನಿಧಾನ ಯಜಮಾನ್ರೇ’ ಎಂದು ಗಂಟು ಇಳಿಸಿಕೊಡುತ್ತಾನೆ. ಬೈದದ್ದು, ಬೈಸಿಕೊಂಡದ್ದು ಎರಡೂ ಬಸ್ಸಿನ ಜೊತೆ ಡಿಪೋಗೆ ಹೋಗುತ್ತವೆ. ನಾವು ಹಗುರಾಗಿ ಮನೆಗೆ ಹೋಗುತ್ತೇವೆ.

ವಿಮಾನಕ್ಕೂ ಈ ಭಾಗ್ಯ ಒಂದಿಷ್ಟು ಕಾಲ ಬಂದಿತ್ತು. 2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದರು. ಆರ್. ಕೆ. ಲಕ್ಷ್ಮಣರ ಚೌಕಳಿ ಕೋಟಿನ ಶ್ರೀಸಾಮಾನ್ಯನೇ ಅದರ ಗುರುತು. ಅದೃಷ್ಟ ಇದ್ದವರಿಗೆ ಒಂದು ರೂಪಾಯಿಗೂ ಟಿಕೆಟ್ಟು ಸಿಕ್ಕಿತು. ಅದಕ್ಕಿಂತ ದೊಡ್ಡ ವಿಷಯ, ಅದರಲ್ಲಿ ಸೀಟಿಗೆ ನಂಬರ್ ಇರಲಿಲ್ಲ. ಮೊದಲು ಹತ್ತಿದವನಿಗೆ ಕಿಟಕಿ. ಪಂಚೆ ಎತ್ತಿ ಕಟ್ಟಿ ವಿಮಾನದ ಮೆಟ್ಟಿಲಿಗೆ ಓಡುವ ಸುಖ ಈ ದೇಶದ ಜನಕ್ಕೆ ಆಗ ಸಿಕ್ಕಿದ್ದು. ಆಮೇಲೆ ಕಂಪನಿ ಕಿಂಗ್‌ಫಿಷರ್ ತೆಕ್ಕೆಗೆ ಹೋಯಿತು, ಸೀಟುಗಳಿಗೆ ನಂಬರ್ ಬಂತು. ಈಗ ಕಿಟಕಿಗೆ ಬೇರೆ ದುಡ್ಡು, ಕಾಲು ಚಾಚುವ ಜಾಗಕ್ಕೆ ಬೇರೆ ದುಡ್ಡು. ದುಡ್ಡು ಕೊಟ್ಟು ಕೂತವನನ್ನು ಏಳಿ ಅನ್ನುವುದು ಹೇಗೆ?

ಇಂಥ ಜಾಗಕ್ಕೆ ನಾನು ತಿಪಟೂರಿನ ನಮ್ಮ ದೊಡ್ಡಪ್ಪನನ್ನು ಕರೆದುಕೊಂಡು ಹೋದೆ. ಪುಣೆಯಲ್ಲಿರುವ ಮಗಳ ಮನೆಗೆ ಹೊರಟಿದ್ದರು, ಜೊತೆಗೆ ನಾನು. ಜೀವಮಾನವೆಲ್ಲ ಕೊಬ್ಬರಿ ವ್ಯಾಪಾರ ಮಾಡಿದವರು. ಎಪಿಎಂಸಿ ಯಾರ್ಡಿನಲ್ಲಿ ದನಿ ಏರಿಸದೇ ಒಂದು ಚೀಲವನ್ನೂ ಮಾರಿದವರಲ್ಲ. ಮೆಜೆಸ್ಟಿಕ್ಕಿನಿಂದ ವಾಯುವಜ್ರ ಹತ್ತಿದಾಗ ಕೂಡ ಟಿಕೆಟ್ ದರದ ಬಗ್ಗೆ ಹೆಬ್ಬಾಳದವರೆಗೆ ಚರ್ಚೆ ನಡೆಸಿ, ದೇವನಹಳ್ಳಿ ಹೊತ್ತಿಗೆ ಕಂಡಕ್ಟರನ ಊರು, ಕುಲ, ಮಗನ ಕಾಲೇಜು ಎಲ್ಲ ತಿಳಿದುಕೊಂಡಿದ್ದರು. ಬಹಳ ಖುಷಿಯಲ್ಲಿದ್ದರು.

ಚೆಕ್‌ಇನ್ ಕೌಂಟರಿನಲ್ಲಿ ಅವರ ಸೂಟ್‌ಕೇಸು 17.6 ಕೆ.ಜಿ. ತೋರಿಸಿತು.

‘ಹದಿನೈದಕ್ಕೆ ಮಾತ್ರ ಅವಕಾಶ ಸರ್. ಜಾಸ್ತಿ ಇರೋದಕ್ಕೆ ಪೇ ಮಾಡಬೇಕು’ ಎಂದಳು ಹುಡುಗಿ.

ದೊಡ್ಡಪ್ಪ ಉತ್ತರ ಕೊಡದೆ ಬಗ್ಗಿದರು. ಬೆಲ್ಟಿನ ಪಕ್ಕ, ಕೆಳಗೆ, ಹಿಂದೆ ಇಣುಕಿ ಏನೋ ಹುಡುಕಿದರು. ಹಿಂದಿನ ಕ್ಯೂನವರು ಮುದುಕರಿಗೆ ಚಿಲ್ಲರೆ ಬಿದ್ದಿರಬೇಕು ಎಂದು ತಾವೂ ಬಗ್ಗಿ ನೋಡಿದರು.

‘ತೂಕ ಮತ್ತು ಅಳತೆ ಇಲಾಖೆ ಸೀಲು ಎಲ್ಲಿ ತಾಯಿ? ಕಾಣಿಸ್ತಾನೇ ಇಲ್ವಲ್ಲ. ನಮ್ಮ ಯಾರ್ಡಲ್ಲಿ ಸೀಲಿಲ್ದಿರೋ ತಕ್ಕಡೀಲಿ ತೂಗಿದ್ರೆ ಲೈಸೆನ್ಸ್ ಹೋಯ್ತದೆ.’

ಆ ಮಗುವಿಗೆ ಬೈಗುಳ ಕೇಳಿ ಅಭ್ಯಾಸ ಇತ್ತು, ಈ ಪ್ರಶ್ನೆ ಕೇಳಿ ಅಭ್ಯಾಸ ಇರಲಿಲ್ಲ. ‘ಸಿಸ್ಟಮ್ ತಗೊಳ್ತಾ ಇಲ್ಲ ಸರ್’ ಎಂದಳು.

‘ಸಿಸ್ಟಮ್ ಕರಿಯಮ್ಮ, ನಾನು ಮಾತಾಡ್ತೀನಿ.’

ಸಿಸ್ಟಮ್ ಬರುವ ಜಾತಿಯದಲ್ಲ ಎಂದು ನಾನು ಹೇಳುವಷ್ಟರಲ್ಲಿ ಅವಳು ಒಂದು ಚಿತ್ರಪಟ ಮುಂದಿಟ್ಟು ಬಾಯಿಪಾಠ ಒಪ್ಪಿಸತೊಡಗಿದಳು. ‘ಇದರಲ್ಲಿ ಪವರ್ ಬ್ಯಾಂಕ್, ಲೈಟರ್, ಒಣಕೊಬ್ಬರಿ ಏನಾದರೂ ಇದೆಯಾ?’

‘ಪವರ್ ಬ್ಯಾಂಕ್ ಇಲ್ಲ, ಲೈಟರ್ ಇಲ್ಲ. ಕೊಬ್ಬರಿ ಇಲ್ದೆ ಮಗಳ ಮನೆಗೆ ಹೆಂಗ್ ಹೋಗೋದು?’

ಪಟಾಕಿ, ಆ್ಯಸಿಡ್, ಗ್ಯಾಸ್ ಸಿಲಿಂಡರುಗಳ ನಡುವೆ ತಮ್ಮ ಕೊಬ್ಬರಿ ಗಿಟುಕಿನ ಚಿತ್ರ ನೋಡಿ ದೊಡ್ಡಪ್ಪ ಕೂತೇಬಿಟ್ಟರು. ಮೂರು ತಲೆಮಾರು ಮನೆತನ ನಡೆಸಿದ, ಮದುವೆಯಲ್ಲಿ ಮಡಿಲು ತುಂಬುವ, ಬಾಣಂತಿಗೆ ತಿನ್ನಿಸುವ ಕೊಬ್ಬರಿ ಬಾಂಬಿನ ಸಾಲಿನಲ್ಲಿತ್ತು. ನಾನು ಮೊಬೈಲ್ ತೆಗೆದು ಅವರಿಗೆ ಓದಿ ಹೇಳಿದೆ. ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಅನುಕೂಲ ಕೂಡಿಬಂದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ವಿಶ್ವಸಂಸ್ಥೆಯ ತಜ್ಞರ ಸಮಿತಿ ಅದನ್ನು ಅಪಾಯಕಾರಿ ಸರಕುಗಳ ಪಟ್ಟಿಗೆ ಸೇರಿಸಿದೆ. ಪೆಟ್ರೋಲಿನ ನಂಬರ್ 1203, ಕೊಬ್ಬರಿಯದು 1363.

ನಾನು ನಿರೀಕ್ಷಿಸಿದ್ದು ಜ್ವಾಲಾಮುಖಿ. ದೊಡ್ಡಪ್ಪನ ಮುಖ ಅರಳಿತು.

‘ವಿಶ್ವಸಂಸ್ಥೆನಾ? ಅಮೆರಿಕದಲ್ಲಿ ಐತಲ್ಲ, ಅದು? ನಮ್ಮ ಕೊಬ್ಬರಿಗೆ ಅವರು ನಂಬರ್ ಕೊಟ್ಟವ್ರಾ?’ ನಂಬರನ್ನು ಎರಡು ಸಲ ಕೇಳಿ ಬಾಯಿಪಾಠ ಮಾಡಿಕೊಂಡರು. ಸೂಟ್‌ಕೇಸು ತೆರೆದು ಮೂರು ಕೆ.ಜಿ. ಕೊಬ್ಬರಿಯನ್ನು ತಾವೇ ಹೊರಗಿಟ್ಟರು. ತಕ್ಕಡಿ 14.6 ಎಂದಿತು. ಸೀಲಿಲ್ಲದ ತಕ್ಕಡಿ ಗ್ರಾಂ ಲೆಕ್ಕಕ್ಕೆ ಸರಿಯಾಗಿದೆ ಎಂದು ದೊಡ್ಡಪ್ಪ ಒಪ್ಪಿಕೊಂಡರು. ಸಿಸ್ಟಮ್ಮೂ ಒಪ್ಪಿಕೊಂಡಿತು. ಕೊಬ್ಬರಿಯನ್ನು ಅಲ್ಲೇ ನೆಲ ಒರೆಸುತ್ತಿದ್ದ ಇಬ್ಬರು ಹೆಂಗಸರಿಗೆ ಹಂಚಿ, ‘ಒಲೆ ಪಕ್ಕ ಇಡಬ್ಯಾಡಿ ಕಣ್ರವ್ವ, ಹೊತ್ಕೊಂಡ್ ಬಿಡ್ತದಂತೆ’ ಎಂದರು. ಅವರು ನಕ್ಕ ನಗು ದೂರದ ಕಾಫಿ ಅಂಗಡಿಯವರೆಗೆ ಕೇಳಿಸಿತು.

ಒಂದು ಮಾತು ಇಲ್ಲೇ ಹೇಳಬೇಕು. ಹಸಿ ತೆಂಗಿನಕಾಯಿಗೂ ಕ್ಯಾಬಿನ್ನಿಗೂ ಆಗಿಬರುವುದಿಲ್ಲ. ಆದರೆ 2024ರ ಅಕ್ಟೋಬರಿನಲ್ಲಿ, ಶಬರಿಮಲೆಗೆ ಹೋಗುವವರು ಇರುಮುಡಿಯ ಕಾಯಿಯನ್ನು ತಪಾಸಣೆ ಮಾಡಿಸಿಕೊಂಡು ಜೊತೆಗೇ ಒಯ್ಯಬಹುದು ಎಂದು ವಿಮಾನಯಾನ ಭದ್ರತೆಯವರು ಆ ಯಾತ್ರಾಕಾಲಕ್ಕೆ ಸೀಮಿತವಾಗಿ ಒಪ್ಪಿದರು, 2025ರ ಜನವರಿ 20ರವರೆಗೆ. ಸಿಸ್ಟಮ್ ಜೊತೆ ಮಾತಾಡಿ ಗೆದ್ದವನು ನನಗೆ ತಿಳಿದಂತೆ ಅಯ್ಯಪ್ಪ ಒಬ್ಬನೇ.

ಭದ್ರತಾ ತಪಾಸಣೆಯಲ್ಲಿ ಎಲ್ಲರೂ ಬೆಲ್ಟು ಬಿಚ್ಚಿ, ಪ್ಯಾಂಟು ಹಿಡಿದುಕೊಂಡು ನಿಂತಿದ್ದರು. ಕೋಟಿ ಸಂಪಾದಿಸುವವನೂ ಒಂದು ಕೈಲಿ ಪ್ಯಾಂಟು, ಇನ್ನೊಂದು ಕೈಲಿ ಟ್ರೇ ಹಿಡಿದು ನಿಲ್ಲುವ ಈ ಸಮಾನತೆ ನನಗೆ ಇಷ್ಟ. ದೊಡ್ಡಪ್ಪನಿಗೆ ಪಂಚೆ, ಬೆಲ್ಟಿನ ತಾಪತ್ರಯ ಇಲ್ಲ. ಆದರೂ ಜವಾನನ ಕೈಯ ಯಂತ್ರ ಅವರ ಸೊಂಟದ ಬಳಿ ಬಂದದ್ದೇ ಕೂಗಿಕೊಂಡಿತು. ಬೆಳ್ಳಿ ಉಡಿದಾರ! ಇವರಿಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಹುಟ್ಟಿದ ಗಂಡಸು ಉಡಿದಾರ ಬಿಚ್ಚುವುದಿಲ್ಲ ಎಂಬುದನ್ನು ಹಿಂದಿಯಲ್ಲಿ ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ದೊಡ್ಡಪ್ಪ ಅಂಗಿಯ ಅಂಚು ಎತ್ತಿ ತೋರಿಸಿದರು. ಅವನು ನೋಡಿ, ತನ್ನ ಸೊಂಟದ ಮೇಲೊಮ್ಮೆ ಬೆರಳು ತಟ್ಟಿಕೊಂಡು, ನನಗೂ ಇದೆ ಎನ್ನುವಂತೆ ನಕ್ಕು ಬೋರ್ಡಿಂಗ್ ಪಾಸಿಗೆ ಮುದ್ರೆ ಒತ್ತಿದ.

ಇಂಥ ಮನುಷ್ಯರೂ ಈಗ ಕಡಿಮೆಯಾಗುತ್ತಿದ್ದಾರೆ. 2022ರ ಡಿಸೆಂಬರಿನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿಗಳಲ್ಲಿ ಡಿಜಿಯಾತ್ರಾ ಬಂದ ಮೇಲೆ ಮುಖವೇ ಟಿಕೆಟ್ಟು. ಬಾಗಿಲಲ್ಲಿ ಗುರುತಿನ ಚೀಟಿಯನ್ನೂ ನಮ್ಮನ್ನೂ ಮೂರು ಸಲ ನೋಡಿ ಅನುಮಾನಪಡುವವನ ಬದಲು ಒಂದು ಕ್ಯಾಮೆರಾ. ನಮ್ಮ ಪಕ್ಕದ ಮನೆಯವರು ತಿರುಪತಿಯಲ್ಲಿ ಮುಡಿ ಕೊಟ್ಟು, ಮೀಸೆಯನ್ನೂ ಕೊಟ್ಟು ಬಂದ ವಾರದಲ್ಲಿ ಅದರ ಮುಂದೆ ನಿಂತರು. ಗೇಟು ತೆರೆಯಲಿಲ್ಲ. ನಾನೇ ಕಣಯ್ಯ, ಬೋಳಾಗಿದ್ದೀನಿ ಅಷ್ಟೇ ಎಂದು ಗಾಜಿಗೆ ಹೇಳಿಕೊಂಡರಂತೆ. ಕ್ಯಾಮೆರಾಗೆ ಕಣ್ಣಿದೆ, ಕಿವಿ ಇಲ್ಲ.

ಗೇಟಿಗೆ ಬಂದರೆ ವಿಮಾನ ಎರಡೂವರೆ ಗಂಟೆ ತಡ. ಕಾರಣ: ಬರಬೇಕಾದ ವಿಮಾನ ಬಂದಿಲ್ಲ. ಅದು ಯಾಕೆ ಬಂದಿಲ್ಲ ಅಂದರೆ, ಅದಕ್ಕೆ ಮೊದಲು ಬರಬೇಕಾದ್ದು ಬಂದಿರಲಿಲ್ಲ. ದೊಡ್ಡಪ್ಪ ಡ್ರೈವರ್ ಎಲ್ಲಿದ್ದಾನೆ ಎಂದು ಹುಡುಕಿದರು. ಟೀ ಕುಡಿಯುತ್ತಿದ್ದರೆ ಎರಡು ಒಳ್ಳೆ ಮಾತಾಡಿ ಎಬ್ಬಿಸಿಕೊಂಡು ಬರುವುದು ಅವರ ಇರಾದೆ. ಟೀ ಕುಡಿಯುವುದು ಯಾರಿಗೂ ಸುಲಭವಿರಲಿಲ್ಲ. ಬೆಲೆಪಟ್ಟಿ ನೋಡಿ ನಮ್ಮ ಬಾಯಾರಿಕೆಯೇ ನಿಂತುಹೋಗಿತ್ತು. ಹತ್ತು ರೂಪಾಯಿಗೆ ಟೀ, ಇಪ್ಪತ್ತಕ್ಕೆ ಸಮೋಸ ಕೊಡುವ ಸರ್ಕಾರಿ ಉಡಾನ್ ಯಾತ್ರಿ ಕೆಫೆ 2024ರ ಡಿಸೆಂಬರಿನಲ್ಲಿ ಕೋಲ್ಕತ್ತದಲ್ಲಿ ತೆರೆಯಿತು ಎಂದೆ. ‘ಕೋಲ್ಕತ್ತಕ್ಕೆ ಟಿಕೆಟ್ ಎಷ್ಟು?’ ಎಂದರು.

ಅಷ್ಟರಲ್ಲಿ ಗೇಟಿನ ಮೇಜಿನ ಸುತ್ತ ಜನ ಮುತ್ತಿದ್ದರು. ಕೊನೆಗೂ ಜಗಳ ಎಂದು ದೊಡ್ಡಪ್ಪ ಹುರುಪಿನಿಂದ ಎದ್ದರು, ಹೋದಷ್ಟೇ ಬೇಗ ವಾಪಸು ಬಂದು ಕೂತರು. ‘ಅಲ್ಲಿ ನಿಂತಿರೋದು ನಮ್ಮ ಮೊಮ್ಮಕ್ಕಳ ವಯಸ್ಸಿನ ಎರಡು ಹುಡುಗ್ರು ಕಣೋ. ಅವ್ರಿಗೇನು ಗೊತ್ತು ಪಾಪ? ವಿಮಾನ ಎಲ್ಲೈತೆ ಅಂತ ಅವ್ರೂ ಮೊಬೈಲಲ್ಲೇ ನೋಡ್ತಾವ್ರೆ.’

ಅವರು ಹೇಳಿದ್ದು ಸರಿ. ವಿಮಾನ ತಡ ಮಾಡಿದವನು ಎಲ್ಲೋ ಒಂದು ಊರಿನ ಎಲ್ಲೋ ಒಂದು ಮಹಡಿಯಲ್ಲಿ ಇರುತ್ತಾನೆ. ಬೈಸಿಕೊಳ್ಳಲು ವಾಕಿಟಾಕಿ ಕೊಟ್ಟು ನಿಲ್ಲಿಸುವುದು ಇಂಥ ಮಕ್ಕಳನ್ನು. ಪ್ರಯಾಣಿಕರಿಗೆ ನಿಯಮಗಳಿಲ್ಲ ಎಂದಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ ಪ್ರಕಾರ ಪುಣೆಯಂಥ ಹತ್ತಿರದೂರಿನ ವಿಮಾನ ಎರಡು ಗಂಟೆ ಮೀರಿ ತಡವಾದರೆ ಊಟ ಉಪಾಹಾರ ಕೊಡಬೇಕು. ಮುಂಚೆ ಹೇಳದೆ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿ 5,000ದಿಂದ 10,000 ರೂಪಾಯಿಯವರೆಗೆ ಪರಿಹಾರ ಉಂಟು. ಆದರೆ ಮಂಜು, ಮಳೆಗಳ ಮೇಲೆ ಹಾಕಿದರೆ ಪರಿಹಾರ ಇಲ್ಲ. ನಮ್ಮಲ್ಲಿ ಅರ್ಧ ವರ್ಷ ಮಂಜು, ಅರ್ಧ ವರ್ಷ ಮಳೆ. ಇದನ್ನೆಲ್ಲ ಯಾರಾದರೂ ಮೈಕಿನಲ್ಲಿ ಓದಿದ್ದನ್ನು ನಾನು ಕೇಳಿಲ್ಲ. ಕೇಳಿದವರಿಗೆ ಮಾತ್ರ ಸಿಗುವ ಹಕ್ಕು ಇದು.

ನಾನು ಕೇಳಿದೆ. ಲೋಟದಂಥ ಡಬ್ಬಿಗೆ ಬಿಸಿನೀರು ಸುರಿದ ಉಪ್ಪಿಟ್ಟು ಬಂತು. ದೊಡ್ಡಪ್ಪ ಒಂದು ಚಮಚ ಬಾಯಿಗಿಟ್ಟು, ‘ಕೊಬ್ಬರಿ ತುರಿ ಬಿದ್ದಿಲ್ಲ’ ಎಂದರು.

ಆಕಾಶದ ವಿಷಯ ಹೇಳುವಂಥದ್ದೇನಿಲ್ಲ. ಒಂದೂವರೆ ಗಂಟೆ, ದೊಡ್ಡಪ್ಪ ನಿದ್ದೆ ಮಾಡಿದರು. ಚಕ್ರ ನೆಲ ಮುಟ್ಟಿದ ಕೂಡಲೇ ಮಾತ್ರ ನಮ್ಮ ಬಸ್‌ಸ್ಟ್ಯಾಂಡ್ ಸಂಸ್ಕಾರ ಎದ್ದು ನಿಂತಿತು. ಗಗನಸಖಿ ಕೂತಿರಿ ಎಂದು ಬೇಡಿಕೊಳ್ಳುತ್ತಿದ್ದಂತೆ ಇಡೀ ವಿಮಾನ ಎದ್ದು, ಮೇಲಿನ ಗೂಡಿಗೆ ಕೈ ಹಾಕಿ, ಕತ್ತು ಸೊಟ್ಟ ಮಾಡಿಕೊಂಡು ನಿಂತಿತು. ಯಾರದೋ ಬ್ಯಾಗು ಯಾರದೋ ತಲೆಗೆ ತಾಗಿ, ನಾಲ್ಕು ಭಾಷೆಯಲ್ಲಿ ನಾಲ್ಕು ಮಾತು ಹುಟ್ಟಿತು. ದೊಡ್ಡಪ್ಪ ಕಣ್ಣು ಬಿಟ್ಟು, ಈಗ ಸರಿಯಾಯ್ತು ಎನ್ನುವಂತೆ ಸುತ್ತ ನೋಡಿದರು. ಪುಣೆಯಲ್ಲಿ ಮಗಳು ಕೇಳಿದ ಮೊದಲ ಪ್ರಶ್ನೆ ಕೊಬ್ಬರಿ ಎಲ್ಲಿ ಎಂಬುದು. ‘ಅದಕ್ಕೆ ಈಗ ಹದಿಮೂರು ಅರವತ್ಮೂರು ನಂಬರ್ ಆಗೈತೆ, ಹಂಗೆಲ್ಲ ತರಂಗಿಲ್ಲ’ ಎಂದು ಗತ್ತಿನಿಂದ ಹೇಳಿದರು.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನದೊಂದು ಮನವಿ. ಕಾಲು ಒತ್ತುವ ಕುರ್ಚಿ ಸಾಕಷ್ಟಾಗಿದೆ. ಪ್ರತಿ ನಿಲ್ದಾಣದಲ್ಲೂ ಒಂದು ಜಗಳದ ಕೌಂಟರ್ ತೆರೆಯಿರಿ. ಕಂಪ್ಯೂಟರ್ ಬೇಡ. ಒಂದು ಮೇಜು, ಒಂದು ಹೂಜಿ ನೀರು, ಮೇಜಿನ ಹಿಂದೆ ನಿವೃತ್ತ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಒಬ್ಬರು ಇದ್ದರೆ ಸಾಕು. ಅವರು ನಮ್ಮ ಮಾತು ಪೂರ್ತಿ ಕೇಳಲಿ, ತಿರುಗಿ ನಾಲ್ಕು ಅನ್ನಲಿ, ಕೊನೆಗೆ ಹೋಗಿ ಬನ್ನಿ ಯಜಮಾನ್ರೇ ಎಂದು ಕಳಿಸಿಕೊಡಲಿ. ಬಳಕೆದಾರರ ಅಭಿವೃದ್ಧಿ ಶುಲ್ಕ ಎಂದು ಟಿಕೆಟ್ಟಿನಲ್ಲೇ ಹೇಗೂ ವಸೂಲಿ ಮಾಡುತ್ತೀರಿ, ಅದರಲ್ಲೇ ಅವರ ಸಂಬಳ ಕೊಡಿ. ಜನ ಸಿಗುವುದಿಲ್ಲ ಎನ್ನಬೇಡಿ. ನಮ್ಮೂರಿನ ಇಬ್ಬರನ್ನು ನಾನಾಗಲೇ ಕೇಳಿಟ್ಟಿದ್ದೇನೆ, ನಾಳೆಯಿಂದಲೇ ಬರುತ್ತಾರಂತೆ.