ಷಟ್ಚಕ್ರ ನಿರೂಪಣೆ

ಮನೆಗೆ ಬರುವ ಎಲ್ಲ ರಿಪೇರಿಗಳನ್ನೂ ಲಾರಿಗೆ ಬರುವ ಎಲ್ಲ ರಿಪೇರಿಗಳನ್ನೂ ಒಂದೇ ಸೂರಿನ ಕೆಳಗೆ ಕೂಡಿಸಿ, ಅಡಿಗೆ ಗಾಲಿ ಜೋಡಿಸಿದರೆ ಆಗುವ ವಸ್ತುವಿಗೆ ಮೋಟರ್‌ಹೋಮ್ ಎಂದು ಹೆಸರು. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷ ತಗಲುತ್ತದೆ, ಸರ್ಕಸ್ ಕಂಪನಿಯ ಲಾರಿಗೂ ಇದು ಒಪ್ಪುತ್ತದೆ ಎಂಬುದು ಪೂರ್ವಪಕ್ಷ. ಸರ್ಕಸ್ ಲಾರಿಯೊಳಗೆ ಕಕ್ಕಸು ಇರುವುದಿಲ್ಲ ಎಂಬುದು ಸಮಾಧಾನ. ಇನ್ನು ವಿಂಟೇಜ್ ಎಂಬ ವಿಶೇಷಣ. ಬರೀ ವಯಸ್ಸಾದ ಮಾತ್ರಕ್ಕೆ ಈ ಪದವಿ ದಕ್ಕುವುದಿಲ್ಲ. ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವುದು ನಿಂತು, ಅಂಥದೇ ಇನ್ನೊಂದು ಗಾಡಿಯ ಒಡೆಯನ ಗ್ಯಾರೇಜಿನಲ್ಲಿ ಮಾತ್ರ ಸಿಗತೊಡಗಿದಂದಿನಿಂದ ಗಾಡಿ ವಿಂಟೇಜ್ ಎನಿಸಿಕೊಳ್ಳುತ್ತದೆ.

ಇಂಥ ಗಾಡಿಯ ರಿಪೇರಿ, ಸುಧಾರಣೆಗಳ ಶಾಸ್ತ್ರಕ್ಕೆ ಆಕರವಾದದ್ದು ಜಿಎಂಸಿ ಮೋಟರ್‌ಹೋಮ್. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ಮಿಷಿಗನ್ ರಾಜ್ಯದ ಪಾಂಟಿಯಾಕ್ ಊರಿನಲ್ಲಿ 1973ರಿಂದ 1978ರವರೆಗೆ ಇದನ್ನು 23 ಅಡಿ, 26 ಅಡಿ ಎಂಬ ಎರಡು ಉದ್ದಗಳಲ್ಲಿ ತಯಾರಿಸಿತು. ಒಟ್ಟು ಸುಮಾರು 13,000 ಗಾಡಿಗಳು. ಆ ಕಾಲದ ಬಹುತೇಕ ಮೋಟರ್‌ಹೋಮ್‌ಗಳು ಲಾರಿ ಚಾಸಿಯ ಮೇಲೆ ಪೆಟ್ಟಿಗೆ ಕೂರಿಸಿದಂತಿದ್ದರೆ, ಇದರ ಎಂಜಿನ್ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಎಂಬ ಐಷಾರಾಮಿ ಕಾರಿನದು: 7.5 ಲೀಟರಿನ ವಿ-8. 1977ರಲ್ಲಿ ಅದರ ಜಾಗಕ್ಕೆ 6.6 ಲೀಟರಿನದು ಬಂತು. ಎಂಜಿನ್ ಓಡಿಸುವುದು ಮುಂದಿನ ಗಾಲಿಗಳನ್ನು. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲದ ಕಾರಣ ಗಾಡಿಯ ನೆಲ ತಗ್ಗು, ಹತ್ತಿ ಇಳಿಯಲು ಸಲೀಸು. ಲೀಟರಿಗೆ ಮೂರೂವರೆ ನಾಲ್ಕು ಕಿಲೋಮೀಟರ್ ಓಡುವ ಈ ಗಾಡಿ ಮಾರುಕಟ್ಟೆಗೆ ಬಂದ ವರ್ಷವೇ, ಅಕ್ಟೋಬರಿನಲ್ಲಿ, ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಮುಹೂರ್ತ ನೋಡದೆ ಮಾಡಿದ ಕೆಲಸವೆಂದು ಜ್ಯೋತಿಷಿಗಳೂ ಅರ್ಥಶಾಸ್ತ್ರಜ್ಞರೂ ಏಕಾಭಿಪ್ರಾಯಕ್ಕೆ ಬರಬಹುದಾದ ಅಪರೂಪದ ಪ್ರಸಂಗ ಇದು.

ಗಾಡಿಗೆ ಮುಂದೆ ಎರಡು, ಹಿಂದೆ ಪಕ್ಕಕ್ಕೆರಡರಂತೆ ನಾಲ್ಕು, ಒಟ್ಟು ಆರು ಚಕ್ರ. ಕುಂಡಲಿನೀ ಶಕ್ತಿ ಮುಂದಿನ ಎರಡು ಚಕ್ರಗಳಲ್ಲಷ್ಟೇ ಸಂಚರಿಸುತ್ತದೆ. ಉಳಿದ ನಾಲ್ಕು ಶ್ರದ್ಧೆಯಿಂದ ಹಿಂಬಾಲಿಸುತ್ತವೆ. ಪ್ರತಿ ಟೈರಿನ ಮೈಮೇಲೂ ಜಾತಕ ಅಚ್ಚಾಗಿರುತ್ತದೆ. ಡಿಒಟಿ, ಎಂದರೆ ಅಮೆರಿಕದ ಸಾರಿಗೆ ಇಲಾಖೆಯ, ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 3219 ಎಂದಿದ್ದರೆ 2019ರ 32ನೇ ವಾರದ ಜನನ. ಗುಂಡಿ ಸವೆಯದೆ ಹೊಸದರಂತೆ ಕಾಣುವ ಟೈರೂ ವಯಸ್ಸಾದ ಮೇಲೆ ಒಳಗಿನಿಂದ ಬಿರಿಯುವುದರಿಂದ ಜಾತಕ ನೋಡದೆ ಪ್ರಯಾಣ ಹೊರಡುವುದು ನಿಷಿದ್ಧ. ಗಾಡಿಯ ಮೂಲ ಅಳತೆಯಾದ 16.5 ಇಂಚಿನ ಟೈರು ಈಗ ಸಿಗುವುದೇ ದುರ್ಲಭ. ಹೀಗಾಗಿ ಬಹುತೇಕರು 16 ಇಂಚಿನ ರಿಮ್ಮಿಗೆ ಬದಲಾಗಿದ್ದಾರೆ. ಅರ್ಧ ಇಂಚಿಗಾಗಿ ಆರು ರಿಮ್ಮು ಕೊಳ್ಳಿಸುವ ಈ ಸಂಸ್ಕಾರವೇ ಸುಧಾರಣೆಯ ಉಪನಯನ.

ಯಂತ್ರಭಾಗದ ರೋಗಗಳನ್ನು ವಾತ, ಪಿತ್ತ, ಕಫ ಎಂದು ವಿಂಗಡಿಸಿದರೆ ಚಿಕಿತ್ಸೆ ಸುಲಭ. ವಾತ ಹಿಂಬದಿಯ ರೋಗ. ಅಲ್ಲಿ ಪ್ರತಿ ಪಕ್ಕದ ಎರಡು ಗಾಲಿಗಳ ತೋಳುಗಳ ನಡುವೆ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲವೊಂದು ಅಡ್ಡಲಾಗಿ ಕೂತಿರುತ್ತದೆ. ಸಣ್ಣ ಕಂಪ್ರೆಸರ್ ಗಾಳಿ ತುಂಬುತ್ತದೆ, ಎತ್ತರ ನೋಡಿಕೊಳ್ಳುವ ವಾಲ್ವು ಬೇಕಾದಷ್ಟೇ ಬಿಡುತ್ತದೆ. ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿ ಬೆಳಗಾಗುವಷ್ಟರಲ್ಲಿ ಒಂದು ಮೂಲೆಗೆ ವಾಲಿದ್ದರೆ ವಾತಪ್ರಕೋಪವೆಂದು ತಿಳಿಯಬೇಕು. ಇದರ ಮೊದಲ ಸೂಚನೆ ಮಾತ್ರ ಅಡುಗೆಮನೆಯಲ್ಲಿ ಸಿಗುತ್ತದೆ. ಅನೇಕ ಮೋಟರ್‌ಹೋಮ್‌ಗಳ ಫ್ರಿಜ್ಜಿಗೆ ಕಂಪ್ರೆಸರ್ ಇರುವುದಿಲ್ಲ. ಗ್ಯಾಸಿನ ಸಣ್ಣ ಜ್ವಾಲೆ ಅಮೋನಿಯಾ ದ್ರಾವಣವನ್ನು ಕಾಯಿಸುತ್ತದೆ, ಅದು ಕೊಳವೆಗಳ ಇಳಿಜಾರಿನಲ್ಲಿ ತನ್ನಷ್ಟಕ್ಕೆ ಹರಿದು ತಂಪು ಹುಟ್ಟಿಸುತ್ತದೆ. ಗಾಡಿ ವಾಲಿದರೆ ಹರಿವು ನಿಲ್ಲುತ್ತದೆ, ಫ್ರಿಜ್ಜು ಬೆಚ್ಚಗಾಗುತ್ತದೆ, ಕಾಫಿಗೆ ಕಾಯಿಸಿದ ಹಾಲು ಒಡೆಯುತ್ತದೆ. ಹಾಲು ಒಡೆದದ್ದಕ್ಕೆ ಹಿಂದಿನ ಗಾಲಿಯ ವಾಲ್ವು ಕಾರಣವೆಂಬ ನಿದಾನ ಸಾಮಾನ್ಯ ವೈದ್ಯರಿಗೆ ಹೊಳೆಯುವಂಥದಲ್ಲ. ಡೈರಿಯವನನ್ನು ಬೈದು ಸುಮ್ಮನಾಗುವವರೇ ಹೆಚ್ಚು.

ಚಿಕಿತ್ಸೆಗೆ ಬೇಕಾದದ್ದು ಸಾಬೂನು ನೀರು, ಒಂದು ಬ್ರಶ್ಶು. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ತೊಟ್ಟಿಯಲ್ಲಿ ಅದ್ದಿ ನೋಡುವಂತೆ ಚೀಲ, ನಳಿಕೆ, ಜೋಡಣೆಗಳಿಗೆಲ್ಲ ನೊರೆ ಬಳಿದು ಗುಳ್ಳೆ ಏಳುವುದನ್ನು ಕಾಯಬೇಕು. ಎಲ್ಲರೂ ಮೊದಲು ಅನುಮಾನಿಸುವುದು ಚೀಲವನ್ನು. ಗುಳ್ಳೆ ಏಳುವುದು ಹೆಚ್ಚಾಗಿ ಎರಡು ಕಾಸಿನ ಜೋಡಣೆಯಲ್ಲಿ. ಚಾಸಿಗೆ ಸ್ಟ್ಯಾಂಡ್ ಕೊಡದೆ ಕೆಳಗೆ ತೂರಿದರೆ ಚೀಲ ಇಳಿದಾಗ ಗಾಡಿ ವೈದ್ಯನ ಮೇಲೆಯೇ ಕೂರುತ್ತದೆ. ಈ ಒಂದು ವಾಕ್ಯದಲ್ಲಿ ಅಣಕವಿಲ್ಲ.

ಪಿತ್ತದ ಸ್ಥಾನ ಎಂಜಿನ್. ಅದು ಇರುವುದು ವಾಸದ ಕೋಣೆಯ ನೆಲದಡಿಯಲ್ಲಿ. ಮುಂದಿನ ಸೀಟುಗಳ ಹತ್ತಿರದ ಮುಚ್ಚಳ ತೆರೆದರೆ ದರ್ಶನ. ರಿಪೇರಿ ಮಾಡುವವನು ಸೋಫಾದ ಪಕ್ಕ ಬೋರಲು ಮಲಗಿ ಪಾನಾ ತಿರುಗಿಸಬೇಕಾದ್ದರಿಂದ ಕಾರ್ಪೆಟ್ಟಿನ ಬಣ್ಣ ಆರಿಸುವಾಗ ಗ್ರೀಸಿನ ಬಣ್ಣವನ್ನು ಗಮನದಲ್ಲಿಡುವುದು ಜಾಣತನ. ಪಿತ್ತ ಕೆರಳುವುದು ಬೇಸಿಗೆಯ ಮಧ್ಯಾಹ್ನ, ಘಟ್ಟ ಹತ್ತುವಾಗ. ಮೂಲದ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು, ದೂರದ ಟ್ಯಾಂಕಿನಿಂದ ಪೆಟ್ರೋಲನ್ನು ಹೀರುತ್ತದೆ. ಹೀರಿದಾಗ ಪೈಪಿನಲ್ಲಿ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದ ಪೆಟ್ರೋಲು ಬೇಗ ಕುದಿಯುತ್ತದೆ, ಆವಿಯನ್ನು ಪಂಪು ಹೀರಲಾರದು. ಎಂಜಿನ್ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಆ ಅರ್ಧ ಗಂಟೆಯಲ್ಲಿ ಏನು ಮಾಡಿದ್ದರೂ, ಬಾನೆಟ್ಟು ತಟ್ಟಿದ್ದರೂ ದೇವರಿಗೆ ಹರಕೆ ಹೊತ್ತಿದ್ದರೂ, ಅದೇ ಪರಿಹಾರವೆಂದು ದಾಖಲಾಗುತ್ತದೆ. ಈ ಶಾಸ್ತ್ರದ ಅರ್ಧ ಭಾಗ ಬೆಳೆದದ್ದೇ ಹೀಗೆ. ನಿಜವಾದ ಮದ್ದು ಟ್ಯಾಂಕಿನ ಪಕ್ಕ ಎಲೆಕ್ಟ್ರಿಕ್ ಪಂಪು ಹಾಕಿ, ಹೀರುವ ಪೆಟ್ರೋಲನ್ನು ತಳ್ಳುವ ಪೆಟ್ರೋಲಾಗಿ ಮಾಡುವುದು. ಎಂಜಿನ್ ನಿಂತರೆ ಪಂಪೂ ನಿಲ್ಲುವಂತೆ ಆಯಿಲ್ ಪ್ರೆಶರಿಗೆ ಕಟ್ಟಿದ ಸ್ವಿಚ್ಚು ಜೊತೆಗಿರಬೇಕು. ಹಳೆಯ ರಬ್ಬರ್ ಹೋಸುಗಳನ್ನು ಗಾಡಿ ಕೊಂಡ ವಾರವೇ ತೆಗೆದೆಸೆಯುವುದು ವಿಹಿತ: ಇಂದಿನ ಅಮೆರಿಕದ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರಷ್ಟಿರುವ ಎಥೆನಾಲ್ ಆ ಕಾಲದ ರಬ್ಬರನ್ನು ತಿನ್ನುತ್ತದೆ.

ಪಿತ್ತಕ್ಕೇ ಸೇರಿದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟು. ಐವತ್ತು ವರ್ಷ ಕಾದು ತಣಿದ ಬೋಲ್ಟಿಗೆ ಪಾನಾ ಹಾಕಿದಾಗ ಬಿಚ್ಚುವುದು, ಮುರಿಯುವುದು ಎಂಬ ಎರಡು ಫಲಗಳನ್ನು ಪ್ರಾಚೀನರು ಹೇಳಿದ್ದಾರೆ. ಬಿಚ್ಚುತ್ತಿರುವಂತೆ ಭಾಸವಾಗಿ ಮುರಿಯುವುದು ಮೂರನೆಯದು. ಇದನ್ನು ಮಾಯೆ ಎಂದು ನವ್ಯರು ಸೇರಿಸಿದರು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸುವುದು, ಜ್ವಾಲೆಯಿಂದ ಕಾಯಿಸುವುದು ಪ್ರಾಯಶ್ಚಿತ್ತ. ಎಂಜಿನ್ನಿನ ಮೂಲದ ಕ್ವಾಡ್ರಜೆಟ್ ಕಾರ್ಬುರೇಟರನ್ನು ಕಿತ್ತು ಫ್ಯುಯೆಲ್ ಇಂಜೆಕ್ಷನ್ ಕೂರಿಸುವವರದು ಬೇರೆಯೇ ಪಂಥ. ಚಳಿಯಲ್ಲಿ ಒಂದೇ ಏಟಿಗೆ ಸ್ಟಾರ್ಟ್ ಆಗುವುದು ಅದರ ಫಲಶ್ರುತಿ. ಫಲಶ್ರುತಿಯಲ್ಲಿ ಹೇಳದೆ ಬಿಟ್ಟದ್ದು: ಅದಕ್ಕೆ ಹೆಚ್ಚು ಒತ್ತಡದ ಪಂಪು ಬೇಕು, ಆ ಪಂಪಿಗೆ ಬೇರೆ ಪೈಪು ಬೇಕು, ಅದರ ಕಂಪ್ಯೂಟರಿಗೆ ಏರುಪೇರಿಲ್ಲದ ಕರೆಂಟು ಬೇಕು, ಅದಕ್ಕೆ ಹೊಸ ವೈರಿಂಗ್ ಬೇಕು. ಇಲ್ಲಿಂದ ಈ ಶಾಸ್ತ್ರದ ಮುಖ್ಯ ಸಿದ್ಧಾಂತ ಹೊರಡುತ್ತದೆ: ಸಂತಾನವಿಲ್ಲದ ಸುಧಾರಣೆ ಇಲ್ಲ.

ಕಫದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಣ್ಣೆ, ಕೂಲಂಟ್, ಗ್ರೀಸು ಇರಬೇಕಾದ ಕಡೆ ಇಲ್ಲದೆ ಇರಬಾರದ ಕಡೆ ಇರುವುದೇ ಕಫ. ಗೇರ್‌ಬಾಕ್ಸಿಗೂ ಅದಕ್ಕೆ ಅಂಟಿಕೊಂಡ ಫೈನಲ್ ಡ್ರೈವಿಗೂ ಬೇರೆ ಬೇರೆ ಎಣ್ಣೆ ಎಂಬ ಪಥ್ಯವನ್ನು ಮರೆಯದಿದ್ದರೆ ಸಾಕು. ಬ್ರೇಕು ಮಾತ್ರ ತ್ರಿದೋಷಗಳಿಗೆ ಅತೀತ. ಮುಂದೆ ಡಿಸ್ಕು, ಹಿಂದಿನ ನಾಲ್ಕಕ್ಕೂ ಡ್ರಮ್ಮು. ಸಾಮಾನು ತುಂಬಿದಾಗ 5 ಟನ್ ಮುಟ್ಟುವ ಮನೆಯನ್ನು ಇವೇ ನಿಲ್ಲಿಸಬೇಕು. ಹಳೆಯ ಬ್ರೇಕ್ ಹೋಸು ಹೊರಗೆ ಚೆನ್ನಾಗಿದ್ದರೂ ಒಳಗೆ ಊದಿಕೊಂಡಿರುತ್ತದೆ; ಒತ್ತಿದ ಎಣ್ಣೆ ಹೋಗುತ್ತದೆ, ವಾಪಸು ಬರುವುದಿಲ್ಲ, ಕಾಲು ತೆಗೆದರೂ ಬ್ರೇಕು ಹಿಡಿದೇ ಇರುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

ವಿದ್ಯುತ್ ಭಾಗಕ್ಕೆ ಬಂದರೆ ವೈದ್ಯ ಹಿಂದೆ ಸರಿಯುತ್ತಾನೆ, ವೇದಾಂತಿ ಮುಂದೆ ಬರುತ್ತಾನೆ. ಗಾಡಿಯಲ್ಲಿ ಎಂಜಿನ್ ಬ್ಯಾಟರಿ, ಮನೆ ಬ್ಯಾಟರಿ ಎಂದು ಎರಡಿವೆ. ಇವೆರಡಕ್ಕೂ ಇರುವ ಸಂಬಂಧವೇ ವಾದದ ವಿಷಯ. ದ್ವೈತಿಗಳ ಪ್ರಕಾರ ಭೇದ ನಿತ್ಯ. ಡಯೋಡುಗಳ ಐಸೊಲೇಟರು ಆಲ್ಟರ್ನೇಟರಿನ ಕರೆಂಟನ್ನು ಎರಡಕ್ಕೂ ಕೊಡುತ್ತದೆ, ಒಂದರಿಂದ ಇನ್ನೊಂದಕ್ಕೆ ಹರಿಯಗೊಡುವುದಿಲ್ಲ. ರಾತ್ರಿಯಿಡೀ ಫ್ಯಾನು ಓಡಿಸಿ ಮನೆ ಬ್ಯಾಟರಿ ಸತ್ತರೂ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗುವುದೇ ಇವರ ಮೋಕ್ಷ. ಆದರೆ ಡಯೋಡು ದಾಟುವಾಗ ಸುಮಾರು 0.7 ವೋಲ್ಟ್ ಸುಂಕ ಕಟ್ಟಬೇಕು. ಆಲ್ಟರ್ನೇಟರ್ ಅದನ್ನು ಅರಿತು ತುಂಬಿಕೊಡದಿದ್ದರೆ ಬ್ಯಾಟರಿಗೆ ಹೊಟ್ಟೆತುಂಬ ಊಟವಿಲ್ಲ. ಅದ್ವೈತಿಗಳು ಕಂಬೈನರ್ ರಿಲೇ ಹಾಕುತ್ತಾರೆ: ಚಾರ್ಜಿಂಗ್ ವೋಲ್ಟೇಜು ಏರಿದಾಗ ಎರಡೂ ಬ್ಯಾಟರಿ ಒಂದೇ, ಭೇದ ತೋರುವುದು ಎಂಜಿನ್ ನಿಂತಾಗ ಮಾತ್ರ.

ಈ ವಾದ ಸಮಬಲದಲ್ಲಿ ನಡೆದಿರುವಾಗ ಲಿಥಿಯಂ ಬ್ಯಾಟರಿ ಬಂತು. ಇದರ ಒಳತಡೆ ತೀರಾ ಕಡಿಮೆ, ಕೊಟ್ಟಷ್ಟನ್ನೂ ಕುಡಿಯುತ್ತದೆ. ಸೀಸದ ಬ್ಯಾಟರಿಗೆ ಒಗ್ಗಿದ ಆಲ್ಟರ್ನೇಟರು ಇದಕ್ಕೆ ಬಡಿಸುತ್ತಾ ಬಡಿಸುತ್ತಾ ಕಾದು ಸುಟ್ಟುಹೋಗುತ್ತದೆ, ಅದರಲ್ಲೂ ಐಡಲ್‌ನಲ್ಲಿ, ಫ್ಯಾನು ನಿಧಾನವಾಗಿ ತಿರುಗುವಾಗ. ಹೀಗಾಗಿ ಡಿಸಿ-ಡಿಸಿ ಚಾರ್ಜರ್ ಎಂಬ ವಿಶಿಷ್ಟಾದ್ವೈತ ಹುಟ್ಟಿತು. ಸಂಬಂಧ ಉಂಟು, ಆದರೆ 30 ಆಂಪಿಯರ್‌ನಂಥ ಮಿತಿಗೊಳಪಟ್ಟು, ಬೇಕಾದ ವೋಲ್ಟೇಜಿಗೆ ಪರಿವರ್ತಿತವಾಗಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡುವಂತಿಲ್ಲ ಎಂಬ ವ್ರತವೂ ಇದೆ. ಮಿಷಿಗನ್ನಿನ ಜನವರಿಯಲ್ಲಿ ಬ್ಯಾಟರಿಗೆ ಹೀಟರ್ ಬೇಕಾಗುತ್ತದೆ, ಹೀಟರಿಗೆ ಬ್ಯಾಟರಿ ಬೇಕಾಗುತ್ತದೆ. ಅನ್ಯೋನ್ಯಾಶ್ರಯ ದೋಷಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ತರ್ಕಗ್ರಂಥಗಳಲ್ಲಿಲ್ಲ.

ಎಲ್‌ಇಡಿ ಬಲ್ಬು ಸಂತಾನಹೀನ ಸುಧಾರಣೆಯೆಂದು ಕೆಲವರ ಮತ. ಒಳಗಿನ 18 ವ್ಯಾಟಿನ ಬಲ್ಬು ಒಂದೂವರೆ ಆಂಪಿಯರ್ ತಿನ್ನುತ್ತಿದ್ದ ಜಾಗದಲ್ಲಿ ಎಲ್‌ಇಡಿಗೆ ಅದರ ಸಣ್ಣ ಪಾಲು ಸಾಕು. ಇದು ನಿಜ. ಅದೇ ಉತ್ಸಾಹದಲ್ಲಿ ಇಂಡಿಕೇಟರಿಗೂ ಎಲ್‌ಇಡಿ ಹಾಕಿದರೆ ಕಣ್ಣು ಮಿಟುಕುವುದು ನಿಲ್ಲುತ್ತದೆ: ಹಳೆಯ ಫ್ಲಾಶರ್ ಬಿಸಿಯಾಗಲು ಬೇಕಾದಷ್ಟು ಕರೆಂಟು ಹರಿಯುವುದಿಲ್ಲ. ಹೊಸ ಫ್ಲಾಶರ್ ತರಬೇಕು. ಸಿದ್ಧಾಂತ ಅಬಾಧಿತ.

ಗಾಡಿಯ ಹೊರಮೈ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸ್. ಫೈಬರ್‌ಗ್ಲಾಸಿನಲ್ಲಿ ಕರೆಂಟು ಹರಿಯದ ಕಾರಣ ಅದರ ಮೇಲೆ ಕೂತ ದೀಪಕ್ಕೆ ಚಾಸಿಗೆ ಮುಟ್ಟುವ ಅರ್ಥ್ ತಂತಿ ಬೇರೆಯೇ ಬೇಕು. ಆ ತಂತಿಯ ಕೊನೆ ತುಕ್ಕು ಹಿಡಿದರೆ ಕರೆಂಟು ಪಕ್ಕದ ದೀಪದೊಳಗೆ ನುಗ್ಗಿ ದಾರಿ ಹುಡುಕುತ್ತದೆ. ಬ್ರೇಕು ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವುದು ಈ ಪರಕಾಯ ಪ್ರವೇಶದಿಂದ. ದೀಪ ಉರಿಯುತ್ತಿರುವಾಗ ಬ್ಯಾಟರಿಯ ನೆಗೆಟಿವ್‌ಗೂ ದೀಪದ ಅರ್ಥಿಗೂ ಮಲ್ಟಿಮೀಟರ್ ಹಿಡಿದು, ಮುಳ್ಳು ಅರ್ಧ ವೋಲ್ಟ್ ತೋರಿಸಿದರೆ ಬೇರೆ ಸಾಕ್ಷಿ ಬೇಡ. ಉಜ್ಜುಕಾಗದ, ಹೊಸ ಟರ್ಮಿನಲ್, ಮೇಲೊಂದಿಷ್ಟು ಗ್ರೀಸು. ಇಡೀ ಶಾಸ್ತ್ರದಲ್ಲಿ ಇಷ್ಟು ಅಗ್ಗದ ಚಿಕಿತ್ಸೆ ಇನ್ನೊಂದಿಲ್ಲ, ಅದಕ್ಕೇ ಇದನ್ನು ಎಲ್ಲರೂ ಕೊನೆಗೆ ಮಾಡುತ್ತಾರೆ.

ಕೊನೆಯ ಅಧಿಕರಣ ವೈರಿಂಗಿನ ಗ್ರಂಥಸಂಪಾದನೆ. ಕಂಪನಿಯ ವೈರಿಂಗ್ ನಕ್ಷೆಯೇ ಮೂಲಪಾಠ. ಒಳಾಂಗಣವಿಲ್ಲದ ಖಾಲಿ ಗಾಡಿಗಳನ್ನು ಬೇರೆ ಕಂಪನಿಗಳಿಗೂ ಮಾರಲಾಗಿತ್ತು. ಅವರವರು ತಮ್ಮ ಇಷ್ಟದಂತೆ ದೀಪ, ಪಂಪು ಜೋಡಿಸಿದ್ದರಿಂದ ಶಾಖಾಭೇದಗಳು ಹುಟ್ಟಿದವು. ಅದರ ಮೇಲೆ ಪೂರ್ವಸೂರಿಗಳು, ಎಂದರೆ ಗಾಡಿಯ ಹಿಂದಿನ ಒಡೆಯರು, ತಲೆಗೊಂದರಂತೆ ರೇಡಿಯೊ, ಅಲಾರಂ, ಸೋಲಾರ್ ಸೇರಿಸಿದ ಪ್ರಕ್ಷಿಪ್ತಗಳು. ಪ್ರಕ್ಷಿಪ್ತವನ್ನು ಗುರುತಿಸುವುದು ಕಷ್ಟವಲ್ಲ: ಬಣ್ಣ ನಕ್ಷೆಯಲ್ಲಿರುವುದಿಲ್ಲ, ಜೋಡಣೆಗೆ ಟೇಪು ಸುತ್ತಿರುತ್ತದೆ, ಫ್ಯೂಸ್ ಇರುವುದಿಲ್ಲ. ಫ್ಯೂಸಿಲ್ಲದ ತಂತಿಯನ್ನು ಎಷ್ಟೇ ಪ್ರಾಚೀನವಾದರೂ ಪಾಠದಿಂದ ತೆಗೆಯಲೇಬೇಕು, ಇಲ್ಲವೇ ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಕೊಡಬೇಕು. ಎರಡೂ ತುದಿ ಸಿಕ್ಕ ಮೇಲೂ ಏತಕ್ಕೆಂದು ತಿಳಿಯದ ತಂತಿಯನ್ನು ಕತ್ತರಿಸುವ ಧೈರ್ಯ ಯಾವ ಸಂಪಾದಕರಿಗೂ ಇಲ್ಲ. ಅದನ್ನು ಬ್ಯಾಟರಿಯಿಂದ ಬಿಡಿಸಿ, ತುದಿಗೆ ಟೇಪು ಸುತ್ತಿ, ಸಂದಿಗ್ಧ ಎಂದು ಚೀಟಿ ಕಟ್ಟಿ ಬಿಡುವುದು ಸಂಪ್ರದಾಯ. ಮುಂದಿನ ಒಡೆಯನ ಪಾಲಿಗೆ ಆ ಚೀಟಿಯೂ ಪ್ರಕ್ಷಿಪ್ತ.