ಸ್ಮಾರ್ಟ್ ಬೋರ್ಡ್ ಸಾಹೇಬರಿಗೆ ಅರಕೇರಿಯಿಂದೊಂದು ಬಹಿರಂಗ ಪತ್ರ

ಸನ್ಮಾನ್ಯ ಸ್ಮಾರ್ಟ್ ಬೋರ್ಡ್ ಸಾಹೇಬರಿಗೆ,

ಅರಕೇರಿಯ ದ್ರಾಕ್ಷಿ ಬೆಳೆಗಾರನ ಶರಣು ಶರಣಾರ್ಥಿ. ನನ್ನ ಮಗಳು ವಿಜಯಪುರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಾಳೆ. ತಾವು ಅವಳ ರಸಾಯನಶಾಸ್ತ್ರದ ಕ್ಲಾಸಿನ ಗೋಡೆ ಮೇಲೆ ಬಿಜಯಂಗೈದಿದ್ದೀರಿ. ತಾವು ಬಂದ ದಿನ ರಿಬ್ಬನ್ ಕತ್ತರಿಸಿ, ಪೇಡೆ ಹಂಚಿ, ‘ನವೀನ ಬೋಧನಾ ವಿಧಾನ’ ಅಂತ ಬ್ಯಾನರ್ ಕಟ್ಟಿದರಂತೆ. ಮೈಮೇಲಿನ ಪ್ಲಾಸ್ಟಿಕ್ ಹಾಳೆ ಮಾತ್ರ ಇನ್ನೂ ಬಿಚ್ಚಿಲ್ಲ. ಹೊಸ ಟ್ರ್ಯಾಕ್ಟರ್ ಸೀಟಿನದು ನಾವೂ ಬಿಚ್ಚುವುದಿಲ್ಲ ಬಿಡಿ. ಆದರೆ ಟ್ರ್ಯಾಕ್ಟರ್ ಹೊಡೆಯುತ್ತೇವೆ.

ಮೊನ್ನೆ ಎಸ್ಟರ್ ಪಾಠವಿತ್ತು. ತಮ್ಮ ಎದೆಯ ಮೇಲೊಂದು ಚಕ್ರ ಗಿರಗಿರ ತಿರುಗಿತು, ತಿರುಗುತ್ತಿರುವಾಗಲೇ ಗಂಟೆ ಹೊಡೆಯಿತು. ಸಂಜೆ ಮಗಳು ನಮ್ಮ ಒಣದ್ರಾಕ್ಷಿ ಶೆಡ್ಡಿಗೆ ಬಂದಾಗ ನಾನು 100 ಲೀಟರ್ ನೀರಿಗೆ ಎರಡೂವರೆ ಕಿಲೊ ಪೊಟ್ಯಾಶಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಕಲಸುತ್ತಿದ್ದೆ. ಕ್ಯಾನಿನ ಚೀಟಿ ಓದಿದವಳೇ, “ಯಪ್ಪಾ, ಈಥೈಲ್ ಓಲಿಯೇಟ್! ಇದು ಎಸ್ಟರ್ ಐತಿ!” ಅಂತ ಕುಣಿದಳು. ಇದರಾಗ ದ್ರಾಕ್ಷಿ ಯಾಕ ಅದ್ದತಿ ಅಂತ ಕೇಳಿದಳು. ಸಿಪ್ಪೆಯ ಮೇಲಿನ ಮೇಣ ಸಡಿಲಾಗಿ ಒಳಗಿನ ನೀರು ಬೇಗ ಆರುತ್ತದೆ, ಎರಡು ವಾರದಲ್ಲಿ ನಾಲ್ಕು ಕಿಲೊ ಹಣ್ಣು ಒಂದು ಕಿಲೊ ಒಣದ್ರಾಕ್ಷಿಯಾಗುತ್ತದೆ ಅಂದೆ. “ಎಣ್ಣಿ ಸರಿ, ಕಾರ್ಬೊನೇಟ್ ಯಾಕ?” ಅಂದಳು. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ನಿಮ್ಮ ಸರ್‌ಗೆ ಕೇಳವ್ವ ಅಂದೆ. ಕೇಳಿದಳು. “ಅದು ಸಿಲೆಬಸ್‌ನಾಗ ಇಲ್ಲವ್ವ” ಅಂದರಂತೆ.

ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. 2021ರಲ್ಲಿ ರಾಜ್ಯದ ಪದವಿಗೆ ನಾಲ್ಕನೇ ವರ್ಷ ಅಂಟಿಸಿದರು, 2024ರಲ್ಲಿ ಕತ್ತರಿಸಿದರು. ನಾವೂ ಏಪ್ರಿಲ್‌ಗೊಮ್ಮೆ, ಅಕ್ಟೋಬರ್‌ಗೊಮ್ಮೆ ಬಳ್ಳಿ ಕತ್ತರಿಸಿ ಚಾಟ್ನಿ ಮಾಡುತ್ತೇವೆ. ಕಾಯಿ ಹಿಡಿದ ಮೇಲೆ ಬಳ್ಳಿ ಕಡಿಯುವುದಿಲ್ಲ. ಪದವಿಯ ಈ ಕತ್ತರಿಯಾಟದ ನಡುವೆ ಆ ಸರ್, ಮಕ್ಕಳು ಏನು ಕಲಿತರು ಅನ್ನುವುದನ್ನು ಚೌಕ ಚೌಕದಲ್ಲಿ 1, 2, 3 ಅಂತ ತುಂಬಬೇಕು. ಮಕ್ಕಳನ್ನು ಕೇಳಿ ತುಂಬಬೇಕೆಂಬ ನಿಯಮ ಇದ್ದಂತಿಲ್ಲ.

ಮಕ್ಕಳನ್ನು ಗೋಳಗುಮ್ಮಟಕ್ಕೂ ಕರೆದೊಯ್ದರು, ಸುಳ್ಳು ಹೇಳಬಾರದು. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಈ ಗೋಡೆಯ ಪಿಸುಮಾತು ಆ ಗೋಡೆಗೆ ಎಷ್ಟು ಹೊತ್ತಿಗೆ ಮುಟ್ಟುತ್ತದೆ ಅಂತ ಅಳೆಯಲು ಕೈಯಲ್ಲಿನ ಫೋನೇ ಸಾಕಿತ್ತು. ಫೋನು ಹೊರಬಂದದ್ದು ಜಿಯೋಟ್ಯಾಗ್ ಫೋಟೊಗೆ. ಬ್ಯಾನರ್, ಅಕ್ಷಾಂಶ, ರೇಖಾಂಶ ಸಮೇತ ಅದು ಕಾಲೇಜಿನ ಮೌಲ್ಯಾಂಕನದ ಫೈಲು ಸೇರಿತು. ಶಬ್ದದ ವೇಗ ಗುಮ್ಮಟದಲ್ಲೇ ಉಳಿಯಿತು.

ತಾವು ಗೋಡೆ ಬಿಟ್ಟು ಬರುವವರಲ್ಲ. ತಮ್ಮ ಮುಂದೆ ಕೂತವರನ್ನು, ಆ ಸರ್ ಸಮೇತ, ಒಂದು ದಿನ ಶೆಡ್ಡಿಗೆ ಕಳಿಸಿಕೊಡಿ. ಇನ್ನೊಂದು ತಿಂಗಳು ಅದು ತುಂಬಿರುತ್ತದೆ. ರೊಟ್ಟಿ, ಶೇಂಗಾ ಚಟ್ನಿ ನಮ್ಮದು. ತಕ್ಕಡಿ, ಪಿಎಚ್ ಕಾಗದ, ಜರ್ನಲ್ ಅವರು ತರಲಿ, ಬ್ಯಾನರ್ ಬೇಡ. ಆ ಕಾರ್ಬೊನೇಟ್ ಯಾಕೆ ಅನ್ನುವುದು ನನಗೂ ತಿಳಿಯಬೇಕಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಬಿ.ಎಸ್ಸಿ. ಹುಡುಗಿಯ ಅಪ್ಪ, ಅರಕೇರಿ