ಅಂತರರಾಷ್ಟ್ರೀಯ ಖ್ಯಾತಿಯ ನಾನು

ನಾನು ಅಂತರರಾಷ್ಟ್ರೀಯ ಖ್ಯಾತಿಯ ವಿದ್ವಾಂಸ ಅನ್ನುವುದು ನನಗೆ ಗೊತ್ತಾದದ್ದು ಸಾರಕ್ಕಿ ಮಾರ್ಕೆಟ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ, ಸೊಪ್ಪಿನ ಚೀಲ ಹಿಡಿದು ನಿಂತಿದ್ದಾಗ. ಅದುವರೆಗೂ ಈ ಸಂಗತಿ ಮನೆಯವರಿಗಾಗಲೀ, ತಲೆ ನೆರೆಯುವವರೆಗೆ ನಾನು ಪಾಠ ಹೇಳಿದ ಕಾಲೇಜಿನವರಿಗಾಗಲೀ ತಿಳಿದಿರಲಿಲ್ಲ.

ಬಯಲು ಮಾಡಿದವನು ಹಳೇ ಶಿಷ್ಯ. ನೆಲದಡಿಯ ನೀರಿನ ಪೈಪು ಎಲ್ಲಿ ಸೋರುತ್ತಿದೆ ಎಂದು ಸದ್ದಿನಿಂದಲೇ ಪತ್ತೆಹಚ್ಚುವ ಸಂಶೋಧನೆ ಅವನದು, ಅಮೆರಿಕದಲ್ಲಿ. (ನಮ್ಮ ರಸ್ತೆಯ ಪೈಪು ಸೋರುವುದು ಸದ್ದಿಲ್ಲದೆಯೂ ಎಲ್ಲರಿಗೂ ಗೊತ್ತು. ಆಗಾಗ ಯಾರೋ ಬಂದು ಸೈಕಲ್ ಟ್ಯೂಬು ಬಿಗಿದು ಹೋಗುತ್ತಾರೆ.) ಕಂಪನಿಯ ಹಂಗಿಲ್ಲದೆ ತಾನೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಲು ಅಲ್ಲೊಂದು ದಾರಿಯಿದೆ, ‘ನ್ಯಾಷನಲ್ ಇಂಟರೆಸ್ಟ್ ವೇವರ್’ ಅಂತ. 2016ರ ಡಿಸೆಂಬರಿನಲ್ಲಿ ಧನಸಾರ್ ಎಂಬ ಎಂಜಿನಿಯರಿಂಗ್ ಸಂಶೋಧಕರ ಪ್ರಕರಣದಲ್ಲಿ ಇದಕ್ಕೆ ಮೂರು ಅಳತೆಗೋಲು ಗೊತ್ತುಮಾಡಿದರು. ಮಾಡುವ ಕೆಲಸಕ್ಕೆ ದೇಶಮಟ್ಟದ ಮಹತ್ವ ಇರಬೇಕು. ಅದನ್ನು ಮುಂದಕ್ಕೊಯ್ಯುವ ಯೋಗ್ಯತೆ ಇರಬೇಕು. ಕೆಲಸ ಕೊಡುವವರ ಕಾಗದ ಕೇಳದೆ ಬಿಟ್ಟುಕೊಟ್ಟರೆ ಅಮೆರಿಕಕ್ಕೇ ಲಾಭ ಅನ್ನಿಸಬೇಕು. ಇದಕ್ಕಿಂತ ಮೇಲಿನ ಮೆಟ್ಟಿಲು ಇಬಿ-1ಎ. ಅದರ ಹತ್ತು ಲಕ್ಷಣಗಳಲ್ಲಿ ಮೂರಾದರೂ ಇರಬೇಕಂತೆ, ಹತ್ತನೆಯದು ಗಲ್ಲಾಪೆಟ್ಟಿಗೆಯ ಯಶಸ್ಸು! ಸೋರುವ ಪೈಪಿಗೆ ಯಾರೂ ಟಿಕೆಟ್ ತಗೊಳ್ಳುವುದಿಲ್ಲವೆಂದು ಹುಡುಗ ಆ ಕಡೆ ತಲೆಹಾಕಲಿಲ್ಲ.

ಅರ್ಜಿಯ ಜೊತೆ ಬಲ್ಲವರ ಪತ್ರಗಳಿರಬೇಕು. ಪತ್ರವನ್ನು ಅವನೇ ಬರೆದು ವಾಟ್ಸಾಪಿನಲ್ಲಿ ಕಳಿಸಿದ್ದ. ನನ್ನದು ರುಜು ಮಾತ್ರ. ಹೊಗಳುವವನು ದೊಡ್ಡವನಾದರೆ ತಾನೇ ಹೊಗಳಿಕೆಗೆ ಬೆಲೆ? ಹಾಗಾಗಿ ಮೊದಲ ಪುಟವೆಲ್ಲ ನಾನೇ. ‘ದ್ರವಗಳ ಚಲನಶಾಸ್ತ್ರದಲ್ಲಿ ಹಲವು ತಲೆಮಾರುಗಳನ್ನು ರೂಪಿಸಿದ’ ನಾನು, ‘ನನ್ನ ಅಭಿಪ್ರಾಯಕ್ಕೆ ಕ್ಷೇತ್ರದಲ್ಲಿ ವಿಶೇಷ ಮನ್ನಣೆಯಿರುವ’ ನಾನು. ಎರಡನೇ ಪುಟದಲ್ಲಿ ಅವನು: ವಿದ್ಯಾರ್ಥಿಯಾಗಿದ್ದಾಗಲೇ ನೀರಿನ ಹರಿವಿನ ಬಗ್ಗೆ ಅಸಾಧಾರಣ ಒಳನೋಟ ತೋರಿದವನು. ಲ್ಯಾಬಿನಲ್ಲಿ ವಾಲ್ವನ್ನು ಉಲ್ಟಾ ತಿರುಗಿಸಿ ನನ್ನ ಪ್ಯಾಂಟನ್ನು ಮೊಣಕಾಲುದ್ದ ನೆನೆಸಿದ್ದು ನೆನಪಿತ್ತು. ಅಮೆರಿಕ ಸರ್ಕಾರಕ್ಕೆ ಅದನ್ನು ತಿಳಿಸುವ ಅಗತ್ಯ ಕಾಣಲಿಲ್ಲ. ಮೊದಲ ಪುಟವನ್ನು ಇನ್ನೊಮ್ಮೆ ಓದಿದೆ.

ಇಂಥ ಮನುಷ್ಯನಿಗೆ ಲೆಟರ್‌ಹೆಡ್ ಇಲ್ಲದಿದ್ದರೆ ಹೇಗೆ? ಪಕ್ಕದ ಡಿಟಿಪಿ ಅಂಗಡಿಗೆ ಹೋದೆ.

“ಮದುವೆನಾ, ಗೃಹಪ್ರವೇಶನಾ ಸಾರ್?”

“ಲೆಟರ್‌ಹೆಡ್ಡು. ಅಮೆರಿಕಕ್ಕೆ ಹೋಗತ್ತೆ.”

“ಹಂಗಾದ್ರೆ ಗೋಲ್ಡ್ ಕಲರ್ ಹಾಕಣ.”

ಪರದೆಯ ಮೇಲೆ ನನ್ನ ಹೆಸರು ಬಂತು. ಅದರ ನೆತ್ತಿಯ ಮೇಲೆ ಗಣಪತಿ, ಅಕ್ಕಪಕ್ಕ ಬಾಳೆಕಂದು. ಗಣಪತಿ ತೆಗೆಯಪ್ಪ ಅಂದೆ. ಹುಡುಗ ಬೆಚ್ಚಿಬಿದ್ದ. “ವಿಘ್ನ ಆಗಲ್ವಾ ಸಾರ್? ವೀಸಾ ವಿಷ್ಯ ಅಂತೀರ.” ಅಮೆರಿಕದ ಅಧಿಕಾರಿ ಗಣಪತಿಯನ್ನು ನೋಡಿ ಏನೆಂದುಕೊಂಡಾನು ಎಂದು ನಾನು, ನಿಮ್ಮ ಹೆಸರಿಗಿಂತ ಗಣಪತಿಯನ್ನೇ ಅಲ್ಲಿ ಜಾಸ್ತಿ ಜನ ಬಲ್ಲರು ಎಂದು ಅವನು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮೊದಲ ಪುಟ ತೋರಿಸೋಣ ಅನ್ನಿಸಿತು, ತೋರಿಸಿಯೂಬಿಟ್ಟೆ. ಅವನು ಓದಿ, ನನ್ನ ಹವಾಯಿ ಚಪ್ಪಲಿ ನೋಡಿ, ಮತ್ತೆ ಓದಿ, ಸ್ಟೂಲು ಎಳೆದು ಕೂರಿಸಿದ. ಕಾರ್ಡು ಮಾಡಿಸಲು ಬಂದಿದ್ದ ಮದುವೆಮನೆಯವರನ್ನು “ಸ್ವಲ್ಪ ಇರಿ, ಸೈಂಟಿಸ್ಟ್ ಸಾರ್ ಅವ್ರೆ” ಎಂದು ತಡೆದ. ಹೆಣ್ಣಿನ ತಂದೆ ನನಗೆ ಕೈಮುಗಿದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಕೊನೆಗೆ ಗಣಪತಿ ಹೋದ, ಬಾಳೆಕಂದು ಹೋಯಿತು. ಹೆಸರಿನ ಕೆಳಗೆ ಒಂದು ಬಂಗಾರದ ಬಳ್ಳಿ ಮಾತ್ರ ಉಳಿಯಿತು. ಅದನ್ನು ತೆಗೆ ಎನ್ನಲು, ನಿಜ ಹೇಳುತ್ತೇನೆ, ನನಗೇ ಮನಸ್ಸಾಗಲಿಲ್ಲ.

ಬಳ್ಳಿ ಅಡ್ಡಿ ಮಾಡಲಿಲ್ಲ, ಅರ್ಜಿ ಪಾಸಾಯಿತು. ಜೆ.ಪಿ. ನಗರದಲ್ಲಿರುವ ಅವನ ತಾಯಿ ಮೈಸೂರುಪಾಕು ತಂದರು. “ಎಲ್ಲಾ ನಿಮ್ಮ ಪತ್ರದಿಂದ ಮೇಷ್ಟ್ರೇ. ಇನ್ನು ಓಡಾಡ್ಕೊಂಡಿರಬಹುದಲ್ವಾ? ಅವರಪ್ಪನ ತಿಥಿಗೆ ಈ ಸಲನಾದ್ರೂ ಬರ್ತಾನಾ?”

ಪಾಸಾದದ್ದು ಸಾಲಿನಲ್ಲಿ ನಿಲ್ಲುವ ಟೋಕನ್ ಮಾತ್ರ ಎನ್ನಲು ನನಗೆ ಬಾಯಿ ಬರಲಿಲ್ಲ. ಇಂಥ ಗ್ರೀನ್ ಕಾರ್ಡುಗಳಲ್ಲಿ ಯಾವ ದೇಶಕ್ಕೂ ವರ್ಷಕ್ಕೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಭಾರತಕ್ಕೂ ಅಷ್ಟೇ, ಐಸ್‌ಲೆಂಡಿಗೂ ಅಷ್ಟೇ. 2025ರಲ್ಲಿ ಅವನ ವರ್ಗದ ಭಾರತೀಯರ ಸಾಲು ಇನ್ನೂ 2013ರಲ್ಲಿ ಅರ್ಜಿ ಹಾಕಿದವರ ಹತ್ತಿರವೇ ತೆವಳುತ್ತಿತ್ತು. ಈ ನಡುವೆ ಊರಿಗೆ ಬಂದರೆ ವಾಪಸಾಗಲು ವೀಸಾ ಮುದ್ರೆ ಬೀಳಬೇಕು. ಅದು ತಡವಾದರೆ ಕೆಲಸದ ಗತಿಯೇನು ಎಂಬ ಹೆದರಿಕೆಗೆ ಹುಡುಗ ವಿಮಾನ ಹತ್ತುತ್ತಿಲ್ಲ. ದೇಶಕ್ಕೇ ಬೇಕಾದವನು ಎಂದು ನನ್ನಿಂದ ಬರೆಸಿಕೊಂಡವರು ಅವನನ್ನು ಹದಿನೈದು ದಿನ ನಿಶ್ಚಿಂತೆಯಿಂದ ಕಳಿಸಿಕೊಡಲಾರರೆ? ಸಿಟ್ಟು ಬಂತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. “ಬರ್ತಾನೆ, ಬರ್ತಾನೆ” ಅಂದೆ. ರುಜು ಹಾಕದೆ ಹೇಳಿದ ಮಾತು.

ಮೊನ್ನೆ ಇನ್ನೊಬ್ಬ ಫೋನು ಮಾಡಿದ. ಟೆಕ್ಸಾಸ್, ಬ್ಯಾಟರಿ ಸಂಶೋಧನೆ.

“ನೀನು ಯಾವ ಬ್ಯಾಚಪ್ಪಾ?”

“ನಾನು ನಿಮ್ಮ ಸ್ಟೂಡೆಂಟ್ ಅಲ್ಲ ಸಾರ್. ನಿಮಗೆ ನನ್ನ ಪರಿಚಯವೇ ಇಲ್ಲ.”

“ಮತ್ತೆ ನಾನು ಹೇಗೆ ಬರೆಯಲಿ?”

“ಅದೇ ಸಾರ್ ಬೇಕಾಗಿರೋದು. ಗುರುತು ಪರಿಚಯ ಇಲ್ಲದೋರು ಹೊಗಳಿದ್ರೆ ತೂಕ ಜಾಸ್ತಿ.”

ಬ್ಯಾಟರಿಯ ಬಗ್ಗೆ ನನಗೆ ಗೊತ್ತಿರುವುದು ಟಾರ್ಚಿಗೆ ಎರಡು ಸೆಲ್ಲು ಬೇಕು ಅನ್ನುವಷ್ಟು. ಆಗುವುದಿಲ್ಲ ಅನ್ನಬೇಕೆಂದೇ ಇದ್ದೆ.

“ಮೊದಲ ಪುಟ ಬರೆದಿದ್ದೀಯೇನಪ್ಪಾ?” ಎಂದು ಕೇಳಿದೆ.